ಅದು ಜಾತ್ರೆಯ ಕುಣಿತ ಅಲ್ಲ

ನೀವು ನೋಡಿದ ಚಿತ್ರದಲ್ಲಿ ಹೆಂಗಸರನ್ನು ಎರಡೂ ಕಡೆ ಗಂಡಸರು ಹಿಡಿದಿದ್ದಾರೆ, ಮುಂದೆ ವಾದ್ಯದವರು, ಇದೇನು ಜಾತ್ರೆಯಾ ಅಂತ ಕೇಳಿದ್ದೀರಿ. ನಿಮ್ಮ ವರ್ಣನೆ ನೋಡಿದರೆ ಅದು ಹೆಂಡ್ರಿಕ್ ಹೊಂಡಿಯಸ್ 1642ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರ. ಮೂಲ ಹದಿನಾರನೇ ಶತಮಾನದ ಫ್ಲೆಮಿಶ್ ಚಿತ್ರಕಾರ ಪೀಟರ್ ಬ್ರೂಗೆಲ್‌ನದು. ಅವನ ಹೆಸರಿನಲ್ಲಿರುವ 1564ರ ರೇಖಾಚಿತ್ರ ವಿಯೆನ್ನಾದ ಅಲ್ಬರ್ಟಿನಾ ಮ್ಯೂಸಿಯಂನಲ್ಲಿದೆ.

ಇವರೆಲ್ಲ ಕಾಯಿಲೆಯವರು. ಬ್ರಸೆಲ್ಸ್ ಪಕ್ಕದ ಮೋಲೆನ್‌ಬೇಕ್ ಚರ್ಚಿಗೆ ಹರಕೆ ತೀರಿಸಲು ಹೊರಟಿದ್ದಾರೆ. ಸಂತ ಜಾನನ ಹಬ್ಬದ ದಿನ ಅಲ್ಲಿನ ಸೇತುವೆಯನ್ನು ಕುಣಿಯುತ್ತಾ ದಾಟಿದರೆ ಒಂದು ವರ್ಷ ಕಾಯಿಲೆ ಬರುವುದಿಲ್ಲ ಅಂತ ನಂಬಿಕೆ. ರೇಖಾಚಿತ್ರದ ಮೇಲೆಯೇ ಹಾಗೆ ಬರೆದಿದೆ. ಬ್ಯಾಗ್‌ಪೈಪ್ ಊದುವವರು ಇರುವುದು ಅದಕ್ಕೇ.

ಕಾಯಿಲೆ ಮೂರ್ಛೆರೋಗ ಅಂತ ಜಾಸ್ತಿ ಜನ ಬರೆಯುತ್ತಾರೆ. ಆಗ ಯುರೋಪಿನಲ್ಲಿ ಕಂಡಿದ್ದ, ಜನ ನಿಲ್ಲಿಸಲಾಗದೆ ಕುಣಿಯುತ್ತಿದ್ದ ಕುಣಿತದ ಹುಚ್ಚು ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಮೂರ್ಛೆ ಬಂದವರು ಹೀಗೆ ಮೆರವಣಿಗೆಯಲ್ಲಿ ನಡೆಯುವುದು ಕಷ್ಟ, ಅಲ್ವಾ?

ಇನ್ನೊಮ್ಮೆ ನೋಡುವಾಗ ಗಂಡಸರನ್ನು ಗಮನಿಸಿ. ಹೆಂಗಸು ಮೈಯನ್ನೆಲ್ಲ ಹಿಂದಕ್ಕೆ ಎಸೆದಿದ್ದಾಳೆ. ಇವರು ಕಾಲೂರಿ, ಅವಳ ತೋಳನ್ನು ಬಿಗಿಯಾಗಿ ಹಿಡಿದು ಮುಂದಕ್ಕೆ ಒಯ್ಯುತ್ತಿದ್ದಾರೆ. ಆ ದಣಿವನ್ನು ಇಷ್ಟು ಚೆನ್ನಾಗಿ ತೋರಿಸಿದ ಚಿತ್ರ ನಾನು ಬೇರೆ ನೋಡಿಲ್ಲ.