ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿರುವ ಗ್ರೀಕ್ ಪ್ರತಿಮೆಯ ನಕಲಿಗೆ ಬಣ್ಣ ಬಳಿದಿರುವುದೇಕೆ?

ಗ್ರೀಕರು ತಮ್ಮ ಶಿಲ್ಪಗಳಿಗೆ ಬಣ್ಣ ಹಚ್ಚುತ್ತಿದ್ದರು ಎಂದು ಕಣ್ಣಿಗೆ ಕಟ್ಟುವಂತೆ ತೋರಿಸಲು. ಅದು 'ಪೆಪ್ಲೋಸ್ ಕೋರೆ' ಎಂಬ ತರುಣಿಯ ವಿಗ್ರಹದ ಪ್ಲಾಸ್ಟರ್ ನಕಲು. ಅಲ್ಲಿನ ಗ್ರೀಕ್-ರೋಮನ್ ಪುರಾತತ್ವದ ವಸ್ತುಸಂಗ್ರಹಾಲಯ ಅದಕ್ಕೆ 1970ರ ದಶಕದಲ್ಲಿ ಬಣ್ಣ ಬಳಿಸಿತು.

ಮೂಲ ವಿಗ್ರಹ ಕ್ರಿ.ಪೂ. 530ರ ಸುಮಾರಿನದು, ಪಾರೋಸ್ ದ್ವೀಪದ ಅಮೃತಶಿಲೆಯದು, ಎತ್ತರ ಸುಮಾರು 1.2 ಮೀಟರ್. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸ್‌ನ ಆಕ್ರೊಪೊಲಿಸ್ ಗುಡ್ಡವನ್ನು ಹಾಳುಗೆಡವಿದ ಮೇಲೆ, ಮುರಿದ ಮೂರ್ತಿಗಳನ್ನು ಅಲ್ಲಿಯೇ ಹೂಳಲಾಯಿತು. 1886ರಲ್ಲಿ ಅಗೆದಾಗ ಈಕೆ ಸಿಕ್ಕಳು. ಮಳೆ ಬಿಸಿಲು ತಾಗದ ಕಾರಣ ಕೂದಲು, ಕಣ್ಣು, ಉಡುಪಿನ ಮೇಲೆ ಬಣ್ಣದ ಕುರುಹು ಉಳಿದಿತ್ತು. ಎಡ ಮುಂಗೈಯನ್ನು ಬೇರೆಯಾಗಿ ಕಡೆದು ಜೋಡಿಸಿದ್ದರು. ಅದು ಕಳಚಿಹೋಗಿ ಈಗ ಕುಳಿಯಷ್ಟೇ ಕಾಣುತ್ತದೆ. ಆ ಕೈಯಲ್ಲಿ ಏನಿತ್ತೆಂಬ ಜಗಳ ಇನ್ನೂ ಮುಗಿದಿಲ್ಲ. ಬಿಲ್ಲು ಇತ್ತು, ಈಕೆ ಬೇಟೆಯ ದೇವತೆ ಆರ್ಟೆಮಿಸ್ ಎನ್ನುವವರೂ ಇದ್ದಾರೆ.

ಕೇಂಬ್ರಿಡ್ಜ್‌ನವಳ ಉಡುಪು ಕಡು ಕೆಂಪು. ಬಿಳಿ ಶಿಲ್ಪವೇ ಶಾಸ್ತ್ರೀಯ ಎಂದು ನಂಬಿದವರಿಗೆ ಅದು ಒರಟಾಗಿ ಕಾಣುತ್ತದೆ. ಬಣ್ಣ ಬಳಿದ ರೀತಿಯೂ ಊಹೆಯೇ ಅನ್ನಿ. ಮುಂದೆ ಬಂದ ಸಂಶೋಧಕರು ಇದೇ ವಿಗ್ರಹಕ್ಕೆ ಪ್ರಾಣಿಚಿತ್ರಗಳ ಪಟ್ಟಿಯಿರುವ ಬೇರೆಯೇ ಉಡುಪನ್ನು ಸೂಚಿಸಿದ್ದಾರೆ.