ಅಡಿಕೆ ಸುಲಿಯುವ ಕೆಲಸ ಹೋಗಿದ್ದು ಯಾರಿಂದ?

ನಿಮ್ಮ ತಾಯಿಯವರ ವಿಷಯ ಓದಿ ಬೇಜಾರಾಯಿತು. ಅವರ ಅಡಿಕೆ ಸುಲಿಯುವ ಕೆಲಸ ಹೋಗಿದ್ದು ಅಸ್ಸಾಂ ಕಡೆಯಿಂದ ಬಂದವರಿಂದಲಾ ಅಂತ ಕೇಳಿದ್ದೀರಿ. ಅಲ್ಲ. ಅದನ್ನು ಕಿತ್ತುಕೊಂಡಿದ್ದು ಯಂತ್ರ.

ನಾನು ಕೊಪ್ಪದ ಕಡೆಯವನು. ಕೊಯ್ಲು ಶುರುವಾದರೆ ನಮ್ಮಲ್ಲಿ ಹತ್ತು ಹದಿನೈದು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ರಾತ್ರಿಯವರೆಗೂ ಸುಲಿಯುತ್ತಿದ್ದರು, ಸುಲಿದಷ್ಟು ಅಡಿಕೆ ಅಳೆದು ಕೂಲಿ, ಹಗಲು ಬೇರೆ ಕಡೆ ದುಡಿದು ಬಂದವರಿಗೂ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು. ಈಗ ಅಷ್ಟನ್ನೂ ಯಂತ್ರದ ಮುಂದೆ ನಿಂತು ಇಬ್ಬರು ಮೂವರು ಮುಗಿಸುತ್ತಾರೆ.

ಕಾಫಿ ತೋಟದ್ದು ಬೇರೆ ಕಥೆ. ಬ್ರೆಜಿಲ್‌ನ ಸಮತಟ್ಟು ತೋಟಗಳಲ್ಲಿ ಯಂತ್ರವೇ ಸಾಲಿನ ಮೇಲೆ ಹೋಗಿ ಹಣ್ಣು ಉದುರಿಸುತ್ತದೆ. ಇಲ್ಲಿ ಗುಡ್ಡ, ಮೇಲೆ ನೆರಳಿನ ಮರ, ಒಂದೇ ಕೊಂಬೆಯಲ್ಲಿ ಹಣ್ಣೂ ಕಾಯಿಯೂ ಇರುತ್ತವೆ, ಕೈಯಲ್ಲೇ ಕೊಯ್ಯಬೇಕು ಅಲ್ವಾ. ಊರಿನ ಹುಡುಗರು ಬೆಂಗಳೂರು ಸೇರಿ ತೋಟದ ಕೂಲಿಯವರ ಲೈನ್ ಮನೆಗಳು ಖಾಲಿಯಾದ ಮೇಲೆ ಅಸ್ಸಾಂನವರು ಬಂದರು. ಕೂಲಿ ಜಾಸ್ತಿ ಕೇಳಿದರೆ 'ಹೊರಗಿನವರನ್ನು ಕರೆಸ್ತೀವಿ' ಅನ್ನುವ ಮಾಲೀಕರೂ ಇದ್ದಾರೆ, ಅದು ಸುಳ್ಳಲ್ಲ. ಆ ಸಿಟ್ಟು ಮಾಲೀಕರ ಮೇಲಿರಲಿ, ದಿನಗಟ್ಟಲೆ ರೈಲಿನಲ್ಲಿ ಕೂತು ಮಕ್ಕಳನ್ನು ಕಟ್ಟಿಕೊಂಡು ಬಂದವರ ಮೇಲೆ ಸುಮ್ನೆ ಬೇಡ.

ನಮ್ಮ ಕಡೆ ಹಸ ಅನ್ನುವ ಮೇಲ್ದರ್ಜೆಯ ಅಡಿಕೆ ಮಾಡುವ ಮನೆಗಳಲ್ಲಿ ಇನ್ನೂ ಕೈಯಲ್ಲೇ ಸುಲಿಸುತ್ತಾರೆ. ತಾಯಿಯವರಿಗೆ ಅಲ್ಲಿ ವಿಚಾರಿಸಿ. ತಮ್ಮ ಕೆಲಸ ಹುಡುಕುತ್ತಿದ್ದಾನೆ ಅಂದಿರಲ್ಲ, ಅವನು ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದನೆಯ ಕೋಲು, ಬಳಸೋದು ಕಲಿಯಲಿ. ಮರ ಹತ್ತದೆ ನೆಲದಲ್ಲೇ ನಿಂತು ಅಡಿಕೆ ಗೊನೆ ಇಳಿಸಬಹುದು, ಔಷಧಿ ಹೊಡೆಯಬಹುದು. ಮರ ಹತ್ತುವವರೇ ಸಿಗದ ಈ ಕಾಲದಲ್ಲಿ ಅದನ್ನು ಕಲಿತವನನ್ನು ಮನೆಗೇ ಬಂದು ಕರೆಯುತ್ತಾರೆ.