ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಸರೋವರಗಳ ವೈನ್ ಟ್ರೈಲ್: ಎರಡು ದಿನದಲ್ಲಿ ಹನ್ನೆರಡು ವೈನರಿ ಮುಗಿಸುವುದು ಹೇಗೆ? ಸೆನೆಕಾ ಸರೋವರ ಒಳ್ಳೆಯದಾ, ಕಯೂಗಾನಾ?

ಹನ್ನೆರಡಾ? ನನ್ನ ಮೊದಲ ಲಿಸ್ಟ್‌ನಲ್ಲಿ ಹದಿನಾಲ್ಕು ಇದ್ದವು ಸ್ವಾಮಿ. ಎಕ್ಸೆಲ್ ಶೀಟ್ ಬೇರೆ ಮಾಡಿದ್ದೆ. ಒಂದೊಂದಕ್ಕೆ ನಲವತ್ತು ನಿಮಿಷ, ನಡುವೆ ಡ್ರೈವಿಂಗ್‌ಗೆ ಹತ್ತು ನಿಮಿಷ. ಒಂದೇ ವೀಕೆಂಡ್‌ನಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ ಎಲ್ಲ ಮುಗಿಸುತ್ತೇವಲ್ಲ, ಅದೇ ಲೆಕ್ಕ. ಲಾಂಗ್ ವೀಕೆಂಡ್‌ನಲ್ಲಿ ನ್ಯೂಜೆರ್ಸಿಯಿಂದ ಹೊರಡುತ್ತೇವೆ ಅಂತ ಬರೆದಿದ್ದೀರಿ, ನಾವೂ ಅಲ್ಲಿನ ಎಡಿಸನ್‌ನಿಂದ ಹೊರಟವರು. ಅದಕ್ಕೇ ಉತ್ತರ ಬರೆಯಬೇಕು ಅನ್ನಿಸಿತು.

ಜುಲೈ ತಿಂಗಳು. ಅಕ್ಕ, ಭಾವ ಮೈಸೂರಿನಿಂದ ಬಂದಿದ್ದರು. ಭಾವನಿಗೆ ನಯಾಗರ ತೋರಿಸಿ ಆಗಿತ್ತು. ಇನ್ನೇನು ತೋರಿಸೋದು ಅಂತ ಯೋಚಿಸಿ, ವೈನ್ ಮಾಡುವ ವೈನರಿಗಳನ್ನು ಸುತ್ತುತ್ತಾ ರುಚಿ ನೋಡುವ ಈ ವೈನ್ ಟ್ರೈಲ್‌ಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಐದಕ್ಕೆ ಹೊರಟೆವು. ದಾರಿಯಲ್ಲಿ ಇಡ್ಲಿ ತಿಂದು, ಕಾಫಿ ಕುಡಿದು, ಸೆನೆಕಾ ಸರೋವರದ ದಕ್ಷಿಣ ತುದಿಯ ವಾಟ್ಕಿನ್ಸ್ ಗ್ಲೆನ್ ಊರು ಮುಟ್ಟುವಾಗ ಹತ್ತು ಗಂಟೆ ಹತ್ತಿರ ಬಂದಿತ್ತು. ನನ್ನ ಹೆಂಡತಿ ಕುಡಿಯುವುದಿಲ್ಲ. ಹಾಗಾಗಿ ಅವಳೇ ಡ್ರೈವರ್ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವಳನ್ನು ಕೇಳಿರಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಯೊಳಗೆ ಮೂರು ವೈನರಿ ಮುಗಿಸಿದೆವು. ಮುಗಿಸಿದೆವು ಅನ್ನುವುದೇ ಸರಿಯಾದ ಮಾತು. ಒಳಗೆ ಹೋಗು, ಕೌಂಟರ್ ಮುಂದೆ ನಿಲ್ಲು, ಐದು ಗುಟುಕು ಕುಡಿ, ತಲೆ ಆಡಿಸು, ಬಾಟಲ್ ತಗೋ, ಹೊರಡು. ಬಾಟಲ್ ಕೊಂಡರೆ ಟೇಸ್ಟಿಂಗ್ ದುಡ್ಡು ಬಿಟ್ಟುಬಿಡುತ್ತೇವೆ ಅಂತ ಎರಡು ಕಡೆ ಹೇಳಿದರು. ನಮ್ಮ ಜನಕ್ಕೆ ಅಷ್ಟು ಸಾಕಲ್ಲ! ಹದಿನೈದು ಡಾಲರ್ ಉಳಿಸಲು ನೂರು ಡಾಲರಿನಷ್ಟು ಬಾಟಲ್‌ಗಳನ್ನು ತಗೊಂಡೆವು. ಲೆಕ್ಕ ಹಾಕಿದರೆ ಒಟ್ಟು ಹದಿನಾಲ್ಕು ಬಾಟಲ್. ಅದರಲ್ಲಿ ಒಂದು ಐಸ್ ವೈನ್. ಚಳಿಗಾಲದಲ್ಲಿ ದ್ರಾಕ್ಷಿ ಬಳ್ಳಿಯಲ್ಲೇ ಹೆಪ್ಪುಗಟ್ಟುವ ತನಕ ಕಾದು, ಹೆಪ್ಪುಗಟ್ಟಿದ ಹಣ್ಣನ್ನೇ ಹಿಂಡಿ ಮಾಡುವ ವೈನ್ ಅದು. ಅರ್ಧ ಬಾಟಲಿಗೇ ಐವತ್ತು ಡಾಲರ್ ಕೊಟ್ಟಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ವಾಟ್ಕಿನ್ಸ್ ಗ್ಲೆನ್‌ನಲ್ಲಿ ಒಂದು ಕಮರಿ ಇದೆ. ಕಲ್ಲಿನ ಸಂದಿಯಲ್ಲೇ ನಡೆದು ಹೋಗಬೇಕು. 19 ಜಲಪಾತ, 800ಕ್ಕೂ ಹೆಚ್ಚು ಮೆಟ್ಟಿಲು. ನೋಡಲೇಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಶೀಟ್‌ನಲ್ಲಿ ಅದಕ್ಕೆ ಒಂದು ಗಂಟೆ ಇಟ್ಟಿದ್ದೆ. ಮರದ ನೆರಳು ಹುಡುಕಿ ಕಾರು ನಿಲ್ಲಿಸಿದೆವು. ಹಿಂದೆ ಡಿಕ್ಕಿಯಲ್ಲಿ ಹದಿನಾಲ್ಕು ಬಾಟಲ್. "ಇವನ್ನೇನು ಮಾಡೋಣ?" ಅಂದಳು ನನ್ನ ಹೆಂಡತಿ. ಕೇಳಿದ್ದು ಅವಳೊಬ್ಬಳೇ. "ಕಾರಲ್ಲೇ ಇರ್ಲಿ ಬಿಡಮ್ಮ, ಹೊತ್ಕೊಂಡು ಮೆಟ್ಟಿಲು ಹತ್ತೋಕ್ಕಾಗುತ್ತಾ?" ಅಂದರು ಭಾವ. ನಾನೂ ಹೂಂ ಅಂದೆ. ನೆರಳಿದೆಯಲ್ಲ.

ನೆರಳು ಇದ್ದದ್ದು ನಾವು ನಿಲ್ಲಿಸಿದ ಹೊತ್ತಿಗೆ. ಸೂರ್ಯ ಒಂದೇ ಕಡೆ ನಿಂತಿರುತ್ತಾನಾ? ನಮ್ಮೂರಲ್ಲಿ ಎತ್ತು ಕಟ್ಟುವವನಿಗೂ ಗೊತ್ತು, ಮಧ್ಯಾಹ್ನ ನೆರಳಿರುವ ಕಡೆ ಕಟ್ಟಬಾರದು, ಸಂಜೆ ನೆರಳು ಬರುವ ಕಡೆ ಕಟ್ಟಬೇಕು ಅಂತ. ಎಂಜಿನಿಯರಿಂಗ್ ಓದಿದ ನನಗೆ ಹೊಳೆಯಲಿಲ್ಲ. ಕಮರಿಯಲ್ಲಿ ಜನ ಜಾತ್ರೆ. ಪ್ರತಿ ಜಲಪಾತದ ಹತ್ತಿರ ಅಕ್ಕನ ಫೋಟೋ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವನು ನಾನು ಅಂತ ಶುರು ಮಾಡಿದ ಭಾವ ಅರ್ಧದಲ್ಲೇ ಮಂಡಿ ಹಿಡಿದುಕೊಂಡು ಕೂತರು. ಕೆಳಗಿಳಿದು, ಊಟ ಮಾಡಿ ವಾಪಸ್ ಬರುವಾಗ ನಾಲ್ಕೂಕಾಲು. ಮೂರೂವರೆ ಗಂಟೆ ಆಗಿತ್ತು. ಕಾರಿನ ಹಿಂದಿನ ಗಾಜಿಗೆ ನೇರ ಬಿಸಿಲು ಹೊಡೆಯುತ್ತಿತ್ತು.

ಮುಚ್ಚಿದ ಕಾರು ಬಿಸಿಲಲ್ಲಿ ನಿಂತರೆ ಏನಾಗುತ್ತದೆ ಗೊತ್ತಾ? ಹೊರಗೆ 30 ಡಿಗ್ರಿ ಇದ್ದರೆ ಒಂದು ಗಂಟೆಯಲ್ಲಿ ಒಳಗೆ 50ರ ಹತ್ತಿರ ಹೋಗುತ್ತದೆ. ನಮ್ಮದು ಎಸ್‌ಯುವಿ. ಅದರ ಡಿಕ್ಕಿ ಅಂದರೆ ಬೇರೆ ಗೂಡಲ್ಲ, ಹಿಂದಿನ ಸೀಟಿನ ಬೆನ್ನಿಗಿರುವ ಜಾಗ, ಅಷ್ಟೇ. ವೈನ್ ಬಿಸಿಯಾದರೆ ಹಿಗ್ಗುತ್ತದೆ. ಬಾಟಲಿನ ಕುತ್ತಿಗೆಯಲ್ಲಿ ಬಿಟ್ಟಿರುವ ಗಾಳಿ ಬೆರಳಗಲ. ಹಿಗ್ಗಿದ ವೈನ್ ಎಲ್ಲಿಗೆ ಹೋಗಬೇಕು? ಕಾರ್ಕ್ ಅನ್ನು ಮೇಲಕ್ಕೆ ನೂಕುತ್ತದೆ. ರಾತ್ರಿ ತಣ್ಣಗಾದಾಗ ಕುಗ್ಗಿ, ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಂದರೆ ಒಮ್ಮೆ ಬೇಯುತ್ತದೆ, ಆಮೇಲೆ ಹಳಸುತ್ತದೆ. ಸ್ಕ್ರೂ ಮುಚ್ಚಳ ಇದ್ದರೆ ಹೊರಗೆ ಏನೂ ಕಾಣದು, ಒಳಗೆ ಬೆಂದಿರುವುದು ಬೆಂದಿರುತ್ತದೆ. ಕೆಂಪು ವೈನ್ ಸ್ವಲ್ಪ ತಡೆದೀತು. ಆದರೆ ಈ ಸರೋವರದ ಸೀಮೆಯ ಹೆಸರು ನಿಂತಿರುವುದು ರೀಸ್ಲಿಂಗ್ ಎಂಬ ಬಿಳಿ ವೈನ್ ಮೇಲೆ. ಅದರ ಬೆಲೆ ಇರುವುದೇ ಆ ತಾಜಾ ವಾಸನೆಯಲ್ಲಿ. ನಿಂಬೆ ಸಿಪ್ಪೆ, ಹಸಿರು ಸೇಬು, ಮಳೆ ಬಿದ್ದ ಕಲ್ಲು, ಹಾಗೆಲ್ಲ. ಬೇಯಿಸಿದರೆ ಮೊದಲು ಹೋಗುವುದೇ ಅದು.

ಡಿಕ್ಕಿ ತೆಗೆದಾಗ ಬೆಲ್ಲದ ಪಾಕದ ವಾಸನೆ ಬಂತು. ಎರಡು ಬಾಟಲಿನ ಕುತ್ತಿಗೆಯಲ್ಲಿ ಅಂಟು ಸೋರಿತ್ತು. ನಾಲ್ಕೈದರ ಕಾರ್ಕ್ ಮೇಲೆದ್ದಿತ್ತು. ನಾನು ಏನು ಮಾಡಿದೆ? ಹೆಬ್ಬೆರಳಿಂದ ಒತ್ತಿ ಒಳಗೆ ಕಳಿಸಿದೆ! ಏನೂ ಆಗಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಎರಡು ವಾರ ಬಿಟ್ಟು ಮನೆಗೆ ಗೆಳೆಯರನ್ನು ಊಟಕ್ಕೆ ಕರೆದು, ದೊಡ್ಡ ಪೀಠಿಕೆ ಹಾಕಿ, ಒಂದು ಬಾಟಲ್ ತೆಗೆದೆ. ವೈನ್ ಬಗ್ಗೆ ತಿಳಿದ ಗೆಳೆಯ ಒಬ್ಬರಿದ್ದರು. ಒಂದು ಗುಟುಕು ಕುಡಿದು, ಗ್ಲಾಸನ್ನು ಮೆತ್ತಗೆ ಪಕ್ಕಕ್ಕಿಟ್ಟು, "ಮಜ್ಜಿಗೆ ಇದೆಯಾ?" ಅಂದರು. ಹದಿನಾಲ್ಕರಲ್ಲಿ ಒಂದೂ ಉಳಿದಿರಲಿಲ್ಲ. ಸುಮಾರು 340 ಡಾಲರ್ ಸಿಂಕಿಗೆ ಸುರಿದೆ. ಆ ಐಸ್ ವೈನ್ ಸುರಿಯುವಾಗ ಹೊಟ್ಟೆ ಉರಿಯಿತು ನೋಡಿ.

ಇದು ಬರೀ ಬಿಸಿಲಿನ ತಪ್ಪಲ್ಲ, ನನ್ನ ಲಿಸ್ಟ್‌ನ ತಪ್ಪು. ಹದಿನಾಲ್ಕು ಜಾಗ ಮುಗಿಸುವ ಅವಸರ ಇಲ್ಲದಿದ್ದರೆ ಬೆಳಿಗ್ಗೆ ತಂಪಿನಲ್ಲಿ ಕಮರಿ ನೋಡಿ, ಆಮೇಲೆ ವೈನರಿಗೆ ಹೋಗುತ್ತಿದ್ದೆವು. ಕೊಳ್ಳುವುದನ್ನು ಕೊನೆಗಿಟ್ಟುಕೊಂಡು, ನೇರವಾಗಿ ರೂಮಿಗೆ ತರುತ್ತಿದ್ದೆವು. ಅದಕ್ಕೇ ಹೇಳುತ್ತಿದ್ದೇನೆ, 'ಹನ್ನೆರಡು ಮುಗಿಸುವುದು ಹೇಗೆ' ಅನ್ನುವ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ದಿನಕ್ಕೆ ಮೂರು. ನಾಲ್ಕನೆಯದಕ್ಕೆ ನಾಲಿಗೆ ಸತ್ತಿರುತ್ತದೆ. ರೀಸ್ಲಿಂಗ್‌ನಲ್ಲಿ ಹುಳಿ ಜಾಸ್ತಿ, ಬೆಳಿಗ್ಗೆಯಿಂದ ಕುಡಿದರೆ ಹುಣಸೆಹಣ್ಣು ಚೀಪಿದ ಹಾಗೆ ಹಲ್ಲು ಚುಳ್ ಅನ್ನುತ್ತದೆ.

ಇನ್ನೊಂದು ಲೆಕ್ಕ ಕೇಳಿ. ಒಂದೊಂದು ಕಡೆ ಐದು ಗುಟುಕು ಸುರಿಯುತ್ತಾರೆ. ಐದೂ ಸೇರಿದರೆ ಹೆಚ್ಚುಕಮ್ಮಿ ಒಂದು ಪೂರ್ತಿ ಗ್ಲಾಸ್. ಆರು ವೈನರಿ ಅಂದರೆ ಆರು ಗ್ಲಾಸ್. ನ್ಯೂಯಾರ್ಕ್ ರಾಜ್ಯದಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.08 ಆದರೆ ಡ್ರಂಕ್ ಡ್ರೈವಿಂಗ್, ಆದರೆ 0.05 ದಾಟಿದರೇ ಇನ್ನೊಂದು ಚಿಕ್ಕ ಕೇಸ್ ಹಾಕುವ ಕಾನೂನಿದೆ. ನೀವು ಎಚ್‌ಒನ್‌ಬಿ ಅಂತ ಬರೆದಿದ್ದೀರಿ. ಕೋರ್ಟ್ ತೀರ್ಪು ಬರುವ ಮೊದಲೇ, ಬರೀ ಅರೆಸ್ಟ್ ಆದದ್ದಕ್ಕೇ ವೀಸಾ ರದ್ದಾಗಬಹುದು. 'ಗಂಟೆಗೆ ಒಂದು ಗ್ಲಾಸ್ ಆದ್ರೆ ಪರವಾಗಿಲ್ವಾ' ಅಂತ ಕೇಳಿದ್ದೀರಲ್ಲ, ಆ ಮಾತು ಬಿಡಿ. ಉಗುಳಲು ಕೌಂಟರ್ ಮೇಲೆ ಒಂದು ಪಾತ್ರೆ ಇಟ್ಟಿರುತ್ತಾರೆ. ಉಗುಳಿ, ನಾಚಿಕೆ ಬೇಡ, ತಿಳಿದವರೇ ಜಾಸ್ತಿ ಉಗುಳುವುದು. ಇಲ್ಲ ಅಂದರೆ ಡ್ರೈವರ್ ಇರುವ ವ್ಯಾನ್ ಮಾಡಿಕೊಳ್ಳಿ. ಕುಡಿಯದ ಹೆಂಡತಿಯನ್ನೋ ಗಂಡನನ್ನೋ ಸುಮ್ನೆ ಚಾಲಕರನ್ನಾಗಿ ಮಾಡಬೇಡಿ. ವಾಪಸ್ ಬರುವಾಗ ನನ್ನಾಕೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನೀವು ವೈನರಿ ನೋಡಿದ್ರಿ, ನಾನು ಪಾರ್ಕಿಂಗ್ ಲಾಟ್ ನೋಡಿದೆ."

ಸೆನೆಕಾನಾ ಕಯೂಗಾನಾ ಅಂತ ಕೇಳಿದಿರಿ. ಸೆನೆಕಾ. ಕಯೂಗಾದವರು 1983ರಲ್ಲೇ ವೈನ್ ಟ್ರೈಲ್ ಶುರು ಮಾಡಿದವರು, ಅಮೆರಿಕಕ್ಕೇ ಮೊದಲು, ಕಯೂಗಾದ ದಕ್ಷಿಣ ತುದಿಯ ಇಥಾಕಾ ಊರಿನ ಕಡೆ ಉಳಿದುಕೊಂಡರೆ ಅಲ್ಲಿಗೂ ಹೋಗಬಹುದು. ಆದರೆ ಎರಡನ್ನೂ ಒಂದೇ ಸಲ ಬೇಡ. ಈ ಸರೋವರಗಳು ಹಿಮನದಿಗಳು ಕೊರೆದ ಉದ್ದನೆಯ ಕಂದಕಗಳು, ಹನ್ನೊಂದಿವೆ. ಸೆನೆಕಾ 38 ಮೈಲಿ ಉದ್ದ, 600 ಅಡಿಗಿಂತ ಜಾಸ್ತಿ ಆಳ. ನಡುವೆ ಒಂದೂ ಸೇತುವೆ ಇಲ್ಲ. ಎದುರು ದಡದ ವೈನರಿ ಕಣ್ಣಿಗೆ ಕಾಣುತ್ತಿರುತ್ತದೆ, ಹೋಗಬೇಕು ಅಂದರೆ ತುದಿ ಸುತ್ತಿ ಬರಬೇಕು. ಮ್ಯಾಪ್ ನೋಡಿ ಹತ್ತು ನಿಮಿಷ ಅಂದುಕೊಂಡಿದ್ದೆನಲ್ಲ ನಾನು! ಒಂದು ದಿನಕ್ಕೆ ಒಂದೇ ದಡ. ಪಶ್ಚಿಮದ 14ನೇ ರಸ್ತೆ ಒಂದು ದಿನ. ಪೂರ್ವದ 414 ಇನ್ನೊಂದು ದಿನ, ಸಂಜೆ ತನಕ ಅಲ್ಲೇ ಇರಿ, ಯಾಕೆಂದರೆ ಅಲ್ಲಿಂದ ಸೂರ್ಯ ನೀರಿನಾಚೆ ಮುಳುಗುವುದು ಕಾಣುತ್ತದೆ. ಹೆಕ್ಟರ್ ಎಂಬ ಊರಿನ ಹತ್ತಿರದ ಆ ಪೂರ್ವ ದಡಕ್ಕೆ ಅಲ್ಲಿಯವರು 'ಬಾಳೆ ಪಟ್ಟಿ' ಅನ್ನುತ್ತಾರೆ. ಬಾಳೆಗಿಡ ಒಂದೂ ಇಲ್ಲ, ಸುತ್ತಲಿಗಿಂತ ಸ್ವಲ್ಪ ಬೆಚ್ಚಗಿದೆ ಅಂತ ತಮಾಷೆಗೆ ಇಟ್ಟ ಹೆಸರು. ಆಳದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟದೆ ಶಾಖ ಬಿಡುತ್ತಿರುತ್ತದೆ, ಬಳ್ಳಿ ಬದುಕುತ್ತದೆ. ವಸಂತದಲ್ಲಿ ಅದೇ ನೀರು ದಡವನ್ನು ತಣ್ಣಗಿಡುತ್ತದೆ, ಚಿಗುರು ತಡವಾಗಿ ಒಡೆಯುತ್ತದೆ, ಕೊನೆಯ ಹಿಮಕ್ಕೆ ಸುಡುವುದಿಲ್ಲ.

ಆದರೂ ಯುರೋಪಿನ ದ್ರಾಕ್ಷಿ ಈ ಚಳಿಗೆ ನಿಲ್ಲದು ಅಂತಲೇ ಎಲ್ಲರೂ ನಂಬಿದ್ದರು. ಅದನ್ನು ಸುಳ್ಳು ಮಾಡಿದ್ದು ಕಾನ್‌ಸ್ಟಾಂಟಿನ್ ಫ್ರಾಂಕ್. ಉಕ್ರೇನಿನಿಂದ ಬಂದ ದ್ರಾಕ್ಷಿ ತಜ್ಞ. 1951ರಲ್ಲಿ ಅಮೆರಿಕಕ್ಕೆ ಬಂದಾಗ ಇಂಗ್ಲಿಷ್ ಬರುತ್ತಿರಲಿಲ್ಲ, ಸೆನೆಕಾದ ಉತ್ತರ ತುದಿಯ ಜಿನೀವಾ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕಳೆ ಕೀಳುವಂಥ ಕೂಲಿ ಕೆಲಸ ಸಿಕ್ಕಿತು. ಇದಕ್ಕಿಂತ ಕೊರೆಯುವ ಚಳಿಯಲ್ಲಿ ಬೆಳೆಸಿದ್ದೇನೆ, ಸರಿಯಾದ ಬೇರಿಗೆ ಕಸಿ ಕಟ್ಟಬೇಕು ಅಷ್ಟೇ ಅಂತ ಪಟ್ಟು ಹಿಡಿದು, 1962ರಲ್ಲಿ ಸೆನೆಕಾದ ಪಕ್ಕದ ಕ್ಯೂಕಾ ಸರೋವರದ ದಡದಲ್ಲಿ ತನ್ನದೇ ವೈನರಿ ತೆರೆದ. ಅದು ಈಗಲೂ ಇದೆ. ಒಂದೇ ಒಂದು ಜಾಗದ ಹೆಸರು ಹೇಳಿ ಅಂದರೆ ನಾನು ಅದನ್ನೇ ಹೇಳುವುದು. ಮಿಕ್ಕ ಸಣ್ಣ ವೈನರಿಗಳಿಗೆ ದಾರಿ ತೆರೆದದ್ದು 1976ರ ಫಾರ್ಮ್ ವೈನರಿ ಕಾನೂನು. ಅಲ್ಲಿಯ ತನಕ ರೈತರು ದೊಡ್ಡ ಕಂಪನಿಗಳಿಗೆ ಹಣ್ಣು ಮಾರಿಕೊಂಡಿದ್ದರು.

ಆ ಕಡೆ ಪೆನ್ ಯಾನ್ ಊರಿನ ಸುತ್ತ ಮೆನೊನೈಟ್ ಎಂಬ ಹಳೇ ಪದ್ಧತಿಯ ಕ್ರೈಸ್ತ ಪಂಗಡದ ಜನ ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ. ಮುಸ್ಸಂಜೆಯಲ್ಲಿ ನಿಧಾನ ಹೋಗಿ. ಸಿಹಿ ಬೇಕಾ ಬೇಡವಾ ಗೊತ್ತಿಲ್ಲ ಅಂದಿರಿ. ರೀಸ್ಲಿಂಗ್ ಬಾಟಲಿನ ಹಿಂದೆ ಬಹಳ ಕಡೆ ಒಂದು ಗೆರೆ ಹಾಕಿ, ಇದು ಎಷ್ಟು ಸಿಹಿ ಅಂತ ಗುರುತು ಮಾಡಿರುತ್ತಾರೆ, ನೋಡಿಕೊಳ್ಳಿ. ನಡುವಿನ ಅರೆಸಿಹಿಯದನ್ನು ತಗೊಂಡು ಪುಳಿಯೋಗರೆ ಜೊತೆ ಕುಡಿದು ನೋಡಿ. ಬೇರೆ ಯಾವ ವೈನೂ ನಮ್ಮ ಹುಳಿ-ಖಾರಕ್ಕೆ ಅಷ್ಟು ಹೊಂದುವುದಿಲ್ಲ. ಎಲ್ಲ ಕಡೆ ಹೊರಗಿನ ಊಟ ಬಿಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಡಬ್ಬಿ ತೆಗೆಯುವ ತನಕ ಕಾಯಬೇಡಿ.

ಲಾಂಗ್ ವೀಕೆಂಡ್ ಬಿಟ್ಟು ಸೆಪ್ಟೆಂಬರ್ ಕೊನೆಗೆ ಹೋಗಲು ಆಗುತ್ತಾ ನೋಡಿ. ಎರಡನೇ ಸಲ ನಾವು ಹಾಗೇ ಹೋದೆವು, ಅಮ್ಮ ಬಂದಿದ್ದಾಗ. ಡಿಕ್ಕಿಯಲ್ಲಿ ಎರಡು ಐಸ್‌ಬಾಕ್ಸ್ ಇದ್ದವು. ಎರಡು ದಿನಕ್ಕೆ ಐದೇ ವೈನರಿ, ಒಂದು ಪೂರ್ತಿ ಮಧ್ಯಾಹ್ನ ಸುಮ್ಮನೆ ನೀರು ನೋಡುತ್ತಾ ಕೂತೆವು. ಮಾರನೆಯ ದಿನ ಪಶ್ಚಿಮಕ್ಕೆ ಒಂದು ಗಂಟೆ ದೂರದ ನೇಪಲ್ಸ್ ಎಂಬ ಚಿಕ್ಕ ಊರಿಗೆ ಹೋದೆವು. ಆ ಊರು ದ್ರಾಕ್ಷಿ ಪೈಗೆ ಹೆಸರುವಾಸಿ. ಕಾಂಕರ್ಡ್ ಎಂಬ ಕಪ್ಪು ದ್ರಾಕ್ಷಿಯ ಹೂರಣ ತುಂಬಿದ ಕಡುಬು ಅಂದುಕೊಳ್ಳಿ. ಕಾರಿನ ಗಾಜು ಇಳಿಸಿದ ಕೂಡಲೇ ಗಮ್ ಅಂತ ವಾಸನೆ ಬಂತು. ಅಮ್ಮ ತಟಕ್ಕನೆ, "ನಮ್ಮ ತೋಟ ಕಣೋ" ಅಂದರು.

ವಿಜಯಪುರದ ಹತ್ತಿರ ತಾತನ ದ್ರಾಕ್ಷಿ ತೋಟ ಇತ್ತು, ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ಕಲ್ಲುಕಂಬದ ಚಪ್ಪರದ ಕೆಳಗೆ ಬಗ್ಗಿ ನಡೆಯಬೇಕು. ಹಾಕಿದ್ದದ್ದು ಬೆಂಗಳೂರು ನೀಲಿ. ಆ ನೀಲಿಯೂ ಈ ಕಾಂಕರ್ಡೂ ಲ್ಯಾಬ್ರಸ್ಕಾ ಎಂಬ ಅಮೆರಿಕದ ಕಾಡುದ್ರಾಕ್ಷಿಯ ಸಂಬಂಧಿಕರು. ಸಿಪ್ಪೆ ಒತ್ತಿದರೆ ತಿರುಳು ಜಾರಿ ಬಾಯಿಗೆ ಬೀಳುತ್ತದೆ, ನಾಲಿಗೆ ನೇರಳೆ ಆಗುತ್ತದೆ. ವೈನ್ ಪಂಡಿತರಿಗೆ ಆ ವಾಸನೆ ಆಗದು, ನರಿ ವಾಸನೆ ಅನ್ನುತ್ತಾರೆ. ಅನ್ನಲಿ ಬಿಡಿ.

ರಸ್ತೆ ಬದಿಯಲ್ಲಿ ಒಂದು ಬುಟ್ಟಿ ಹಣ್ಣು ತಗೊಂಡೆವು. ಐಸ್‌ಬಾಕ್ಸ್‌ನಲ್ಲಿ ಇಡೋಣ ಅಮ್ಮ ಅಂದೆ. ಕೊಡಲಿಲ್ಲ. ಎಡಿಸನ್ ತನಕ ಮಡಿಲಲ್ಲೇ ಇಟ್ಟುಕೊಂಡು ಬಂದರು, ದಾರಿಯುದ್ದಕ್ಕೂ ತಿನ್ನುತ್ತಾ, ಬೀಜಗಳನ್ನು ಕರ್ಚೀಫಿಗೆ ಉಗುಳುತ್ತಾ.